ಮರಳು ಹೊರಿಸಿದ ಬೇಟೆಗಾರ

ಕಳೆದ ವಾರ ನಮ್ಮ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ಸರ್ ರಿಟೈರ್ ಆಗಿ ಊರಿಗೆ ಹೊರಟಿದ್ದಾರೆ, ಎಲ್ಲರೂ ಒಂದೊಂದು ನಿಮಿಷದ ವಿಡಿಯೊ ಕಳಿಸಿ, ಬೀಳ್ಕೊಡುಗೆಯ ದಿನ ಒಟ್ಟಿಗೆ ತೋರಿಸೋಣ, ದಯವಿಟ್ಟು ಒಳ್ಳೆಯ ಮಾತು ಮಾತ್ರ. ಆ ‘ಮಾತ್ರ’ವನ್ನು ಸೇರಿಸಿದವನಿಗೂ ಸರ್ ಚೆನ್ನಾಗಿಯೇ ಗೊತ್ತು ಎಂದು ಕಾಣುತ್ತದೆ.

ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎದುರು ಕೂತೆ. ಸರ್ ಅವರ ಜೊತೆ ಕೆಲಸ ಮಾಡಿದ್ದು, ಅಂತ ಶುರು ಮಾಡಿದೆ. ಮುಂದಕ್ಕೆ ಹೋಗಲಿಲ್ಲ. ಅಳಿಸಿದೆ. ಮತ್ತೆ ಶುರು ಮಾಡಿದೆ. ಅಡುಗೆಮನೆಯಿಂದ ನನ್ನ ಹೆಂಡತಿ, ಯಾರಾದರೂ ಹೋಗಿಬಿಟ್ಟರಾ, ದನಿ ಯಾಕೆ ಹಾಗಿದೆ ಅಂತ ಕೇಳಿದಳು. ಹೋಗಿಲ್ಲ, ರಿಟೈರ್ ಆಗಿದ್ದಾರೆ ಅಂದೆ. ಯಾರು ಅಂತ ಹೇಳಿದ ಮೇಲೆ ಅವಳು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದು, "ನಿಮ್ ಕೈಲಿ ಆಗಲ್ಲ, ಬಿಡಿ" ಅಂದಳು.

ಕೊನೆಗೆ ಆಯಿತು. ಒಂದು ಒಳ್ಳೆಯ ಮಾತು ಸಿಕ್ಕಿತು, ಕಳಿಸಿದೆ. ಅದು ಯಾವುದೆಂದು ಆಮೇಲೆ ಹೇಳುತ್ತೇನೆ. ಒಂದು ನಿಮಿಷದಲ್ಲಿ ಹಿಡಿಸದೆ ಉಳಿದದ್ದನ್ನು ಮೊದಲು ಇಲ್ಲಿ ಸುರಿದು ಬಿಡುತ್ತೇನೆ. ಹೆಸರು ಬರೆಯುವುದಿಲ್ಲ. ಗೊತ್ತಿರುವವರು ಕಮೆಂಟಿನಲ್ಲೂ ಹಾಕಬೇಡಿ, ಹಾಕಿದರೆ ಅಳಿಸುತ್ತೇನೆ. ಅವರ ಮಕ್ಕಳು ಫೇಸ್‌ಬುಕ್ಕಿನಲ್ಲಿದ್ದಾರೆ, ಅವರದ್ದೇನೂ ತಪ್ಪಿಲ್ಲ.

ಒಮಾನಿನ ಮಸ್ಕತ್ತಿನಲ್ಲಿ, ಅಲ್ ಅಜೈಬಾ ಎಂಬಲ್ಲಿ ನಮ್ಮ ಆಫೀಸು. ರಸ್ತೆ, ಪೈಪ್‌ಲೈನ್ ಕೆಲಸ ಹಿಡಿಯುವ ಕಂಪನಿ. ಅವರು ಪ್ರಾಜೆಕ್ಟ್ ಮ್ಯಾನೇಜರ್. ನಾನು ಅವರ ಕೈಕೆಳಗೆ ಪ್ಲಾನಿಂಗ್ ಎಂಜಿನಿಯರ್. ಅಂದರೆ ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವುದು ಮುಗಿಯದೆ ಯಾವುದಕ್ಕೆ ಕೈ ಹಾಕಬಾರದು, ಯಾರು ಮಾಡಬೇಕು ಅಂತ ಕಂಪ್ಯೂಟರಿನಲ್ಲಿ ಬಣ್ಣದ ಗೆರೆಗಳನ್ನು ಎಳೆಯುವವನು. ನಾನು ಮೈಸೂರಿನವನು. ಅವರು ಸುಳ್ಯದಿಂದಲೂ ಆಚೆ, ಘಟ್ಟದ ಬುಡದವರು.

ಕುಳ್ಳು, ಗಟ್ಟಿ ಆಳು. ಕತ್ತು ಇದೆಯೋ ಇಲ್ಲವೋ ಎಂಬಂತೆ ತಲೆ ನೇರವಾಗಿ ಹೆಗಲ ಮೇಲೆ ಕೂತಿತ್ತು. ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ. ಕಣ್ಣಿಗೆ ಹಾಕುವ ಔಷಧದ ಖಾಲಿ ಬಾಟಲಿ ತೊಳೆದು ಒಣಗಿಸಿ ಅದರಲ್ಲಿ ಪೌಡರ್ ತುಂಬಿಸಿಕೊಂಡಿದ್ದರು. ಒತ್ತಿದರೆ ಪುಸ್ ಎಂದು ಒಂದು ಚಿಟಿಕೆ ಹಾರುತ್ತಿತ್ತು. ಅದು ತೇಲಿ ಹೋಗುವುದನ್ನು ಅವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಗಾಳಿ ಎತ್ತ ಬೀಸುತ್ತಿದೆ, ನಮ್ಮ ವಾಸನೆ ಪ್ರಾಣಿಯ ಮೂಗಿಗೆ ಹೋಗುತ್ತದೆಯೇ ಅಂತ ತಿಳಿಯಲು ಬೇಟೆಗಾರರು ಮಾಡುವ ಉಪಾಯ ಅದು. ಇವರು ಅದನ್ನು ಕಾರ್ ಪಾರ್ಕಿಂಗಿನಲ್ಲಿ ಮಾಡುತ್ತಿದ್ದರು, ಲಿಫ್ಟಿನ ಎದುರು ಮಾಡುತ್ತಿದ್ದರು, ಮೀಟಿಂಗ್ ರೂಮಿನಲ್ಲಿ ಏಸಿಯ ಕೆಳಗೆ ನಿಂತು ಮಾಡುತ್ತಿದ್ದರು. ಹೊಸದಾಗಿ ಬಂದ ಅಕೌಂಟೆಂಟ್ ಹುಡುಗಿ ಇವರಿಗೆ ಉಬ್ಬಸ ಇರಬೇಕೆಂದುಕೊಂಡು ಒಂದು ತಿಂಗಳು ಇವರ ಮೇಲೆ ಕನಿಕರ ಇಟ್ಟುಕೊಂಡಿದ್ದಳು. ಆ ಕಟ್ಟಡದಲ್ಲಿ ಅವರಿಗೆ ಸಿಕ್ಕಿದ ಕನಿಕರ ಅಷ್ಟೇ.

ಬೇಟೆ ಯಾವುದರದ್ದು ಅಂದರೆ ಎಲ್ಕ್. ನಮ್ಮ ಕಡವೆಯ ದೊಡ್ಡ ದಾಯಾದಿ ಅಂದುಕೊಳ್ಳಿ. ಕುದುರೆಯಷ್ಟು ಎತ್ತರ, ತಲೆಯ ಮೇಲೆ ಮರದ ಕೊಂಬೆಯಂಥ ಕೊಂಬು. ಒಮಾನಿನಲ್ಲಿ ಅದು ಎಲ್ಲಿಂದ ಬರಬೇಕು. ಅದು ಇರುವುದು ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ. ಹಿಂದೆ ಮಸ್ಕತ್ತಿನಲ್ಲಿ ನಮ್ಮ ಪ್ರಾಜೆಕ್ಟಿಗೆ ಕನ್ಸಲ್ಟೆಂಟ್ ಆಗಿದ್ದ ಒಬ್ಬ ಅಮೆರಿಕನ್ ಮುದುಕ ಆ ಕಡೆಯವನು. ಅವನು ಇವರಿಗೆ ಯಾವುದೋ ಊಟದಲ್ಲಿ ಫೋಟೊ ತೋರಿಸಿದ್ದೇ ತಪ್ಪಾಯಿತು. ಅಲ್ಲಿ ಬೆಟ್ಟ ಯಾರಪ್ಪನದೂ ಅಲ್ಲವಂತೆ, ಸರ್ಕಾರಿ ಜಾಗ, ಜನರ ಜಾಗವಂತೆ. ಹೊರದೇಶದವನೂ ಅರ್ಜಿ ಹಾಕಬಹುದು, ಚೀಟಿ ಎತ್ತುತ್ತಾರೆ, ಹೆಸರು ಬಂದರೆ ಒಂದು ಪರ್ಮಿಟ್, ಒಂದು ಪ್ರಾಣಿ. ಬಂದೂಕು ನಾನು ಕೊಡುತ್ತೇನೆ, ಆದರೆ ನನ್ನ ಮೊಣಕಾಲು ಹೋಗಿದೆ, ಹತ್ತಲು ಮಾತ್ರ ಕರೆಯಬೇಡ ಅಂದನಂತೆ ಮುದುಕ.

ಇವರ ಅಜ್ಜನ ಕೋವಿಯನ್ನು ಪೊಲೀಸರು ಒಯ್ದ ಕಥೆಯನ್ನು ನಾವೆಲ್ಲ ಕೇಳಿದ್ದೆವು. ಊರಿನ ಹಂದಿ ಬೇಟೆ ನಿಂತುಹೋದದ್ದು ಇವರಿಗೆ ಸ್ವಂತ ಮನೆಯಲ್ಲಿ ಊಟ ನಿಲ್ಲಿಸಿದ ಹಾಗೆ ಆಗಿತ್ತು. ಅದಕ್ಕೇ ಆ ಜನರ ಜಾಗ ಎಂಬ ಮಾತು ತಲೆಗೆ ಹತ್ತಿತು. "ಬೇಲಿ ಇಲ್ಲ ಮಾರಾಯ, ಗೇಟಿಲ್ಲ, ಯಾರೂ ಎಂತಕ್ಕೆ ಬಂದೆ ಅಂತ ಕೇಳುದಿಲ್ಲ" ಎನ್ನುವಾಗ ಅವರ ಮುಖ ಒಂದು ಕ್ಷಣ ಒಳ್ಳೆಯ ಮನುಷ್ಯನ ಮುಖದ ಹಾಗೆ ಕಾಣುತ್ತಿತ್ತು. ಆಮೇಲೆ ಅವರ ಪಾರ್ಕಿಂಗ್ ಜಾಗದಲ್ಲಿ ಯಾರೋ ಕಾರು ನಿಲ್ಲಿಸಿದ್ದು ಕಿಟಕಿಯಿಂದ ಕಣ್ಣಿಗೆ ಬಿದ್ದು ಕೆಳಗೆ ಓಡುತ್ತಿದ್ದರು. ಟೀ ಮೆಷಿನ್ನಿನ ಪಕ್ಕದ ಕುರ್ಚಿ ಅವರದ್ದು, ಫ್ರಿಜ್ಜಿನ ಮೇಲಿನ ಅಟ್ಟ ಅವರದ್ದು, ನಮ್ಮ ರಜೆಯ ಶುಕ್ರವಾರವೂ ಅವರದ್ದು. ಜನರ ಕಾಡನ್ನು ಅಷ್ಟು ಪ್ರೀತಿಸಿದ ಮನುಷ್ಯ ಜನರನ್ನು ಪ್ರೀತಿಸಿದ್ದನ್ನು ನಾನು ನೋಡಲಿಲ್ಲ.

ಶುಕ್ರವಾರದ ಮಾತಿಗೆ ಬರುವ ಮೊದಲು ಹಮೀದನ ವಿಷಯ ಹೇಳಬೇಕು.

ಹಮೀದ್ ನಮ್ಮ ಸ್ಟೋರ್‌ಕೀಪರ್. ಉಪ್ಪಿನಂಗಡಿಯ ಬ್ಯಾರಿ. ಮಾತಿಗೆ ಕೂತರೆ ಎದುರಿನವನ ಚಹಾ ಆರಿಹೋಗುವವರೆಗೆ ಬಿಡುವವನಲ್ಲ. ಅವನ ಹೆಂಡತಿಗೆ ಒಮಾನಿನ ದಕ್ಷಿಣ ತುದಿಯ ಸಲಾಲಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಮಗಳು ಅವಳ ಜೊತೆ. ಇವನು ಮಸ್ಕತ್ತಿನಲ್ಲಿ ಬ್ಯಾಚುಲರ್ ರೂಮಿನಲ್ಲಿ. ಗುರುವಾರ ಸಂಜೆ ಬಸ್ ಹತ್ತಿದರೆ ರಾತ್ರಿಯಿಡೀ ಮರುಭೂಮಿ, ಬೆಳಿಗ್ಗೆ ಸಲಾಲಾ. ಶನಿವಾರ ಸಂಜೆ ಮತ್ತೆ ಬಸ್. ನಮ್ಮ ಕಂಪನಿಗೆ ಸಲಾಲಾ ಬಂದರಿನ ಹತ್ತಿರವೂ ಒಂದು ಸ್ಟೋರ್ ಇತ್ತು, ಅಲ್ಲಿ ಆಳು ಬೇಕಾಗಿತ್ತು. ಹಮೀದ್ ವರ್ಗಕ್ಕೆ ಅರ್ಜಿ ಹಾಕಿದ. ಎಲ್ಲ ಕಂಪ್ಯೂಟರಿನಲ್ಲೇ ನಡೆಯುವುದು. ಅರ್ಜಿ ಬಂದು ಸರ್ ಅವರ ಪರದೆಯ ಮೇಲೆ ನಿಂತಿತು. ಅವರು ಒಂದು ಹಸಿರು ಬಟನ್ ಒತ್ತಬೇಕು, ಅಷ್ಟೇ.

ಅವರು ಒತ್ತಲಿಲ್ಲ. ಯಾಕೆಂದರೆ ಎಲ್ಕನ್ನು ಹೊಡೆದರೆ ಮುಗಿಯುವುದಿಲ್ಲ, ಅದನ್ನು ಇಳಿಸಬೇಕು. ಅಲ್ಲಿ ಮಾಂಸವನ್ನು ಬೆಟ್ಟದಲ್ಲೇ ಬಿಟ್ಟು ಬಂದರೆ ಅಪರಾಧ, ಇದನ್ನು ನಮಗೆ ಹೇಳಿದ್ದೂ ಅವರೇ. ತೊಡೆ ಎರಡು, ಮುಂಗಾಲು ಎರಡು, ಬೆನ್ನಿನ ಮಾಂಸ, ಒಂದೊಂದೂ ಒಂದೊಂದು ಮೂಟೆ. ದಾರಿ ಇಲ್ಲದ ಬೆಟ್ಟ. ಹೊರುವವನು ಬೇಕು. ಹಮೀದ್ ಸಣ್ಣದರಲ್ಲಿ ಕಲ್ಲಿನ ಕೋರೆಯಲ್ಲಿ ದುಡಿದವನು, ಹೆಗಲು ಅಗಲ. ಸರ್ ಅದನ್ನು ಸ್ಟೋರಿನಲ್ಲಿ ವಾಲ್ವ್ ಎತ್ತುವಾಗ ನೋಡಿ ಇಟ್ಟುಕೊಂಡಿದ್ದರು.

"ಬೇಟೆ ಒಂದು ಮುಗೀಲಿ ಹಮೀದ್, ಮರುದಿವಸವೇ ಒತ್ತುವಾ" ಅಂದರು.

ಆ ವರ್ಷ ಚೀಟಿಯಲ್ಲಿ ಹೆಸರು ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಹಮೀದನ ಸಲಾಲಾ ಅಮೆರಿಕದ ಯಾವುದೋ ಆಫೀಸಿನ ಚೀಟಿಗೆ ಗಂಟು ಬಿದ್ದಿತ್ತು.

ಈ ನಡುವೆ ಅಭ್ಯಾಸ. ತಿಂಗಳಿಗೆ ಎರಡು ಶುಕ್ರವಾರ, ಬೆಳಕು ಹರಿಯುವ ಮೊದಲು ಸರ್ ಅವರ ಗಾಡಿ ನಮ್ಮ ಕಟ್ಟಡದ ಕೆಳಗೆ. ನನ್ನ ಬೆನ್ನಿನ ಡಿಸ್ಕ್ ಜಾರಿದ್ದರಿಂದ ಮೂಟೆಯಿಂದ ಬಚಾವಾಗಿದ್ದೆ, ನೀರು ಹಿಡಿದುಕೊಂಡು, ಹತ್ತಿ ಇಳಿಯಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುವ ಕೆಲಸ ನನ್ನದು. ರುಸ್ತಾಕ್ ದಾಟಿ ಒಂದು ಕಣಿವೆಗೆ ಹೋಗುತ್ತಿದ್ದೆವು. ಸುತ್ತ ಬೋಳು ಬೆಟ್ಟ, ನೆತ್ತಿಯವರೆಗೆ ಸಡಿಲ ಕಲ್ಲು, ಕೆಳಗೆ ಸ್ವಲ್ಪ ಖರ್ಜೂರದ ತೋಟ. ಮಾಂಸದ ಬದಲು ನಮ್ಮ ಕಂಪನಿಯ ಟೆಸ್ಟಿಂಗ್ ಲ್ಯಾಬಿನ ಮರಳು. ಚೀಲಕ್ಕೆ ಮರಳು ತುಂಬಿ ಹಮೀದನ ಬೆನ್ನಿಗೆ ಕಟ್ಟಿ, ಮೇಲೆ ಹತ್ತಿಸಿ, ಮತ್ತೆ ಇಳಿಸುವುದು. ಸರ್ ಬೆನ್ನಿಗೂ ಒಂದು ಚೀಲ ಇರುತ್ತಿತ್ತು. ಅದರಲ್ಲಿ ಬೈನಾಕ್ಯುಲರ್, ಬಿಸ್ಕತ್ತು, ಮತ್ತು ಪ್ಲಂಬಿಂಗ್ ಪೈಪಿನ ಒಂದು ತುಂಡು.

ಆ ಪೈಪು ಎಲ್ಕಿನ ಕೂಗು ಕೂಗಲಿಕ್ಕೆ. ಗಂಡು ಎಲ್ಕ್ ಸೀಟಿ ಹೊಡೆದ ಹಾಗೆ ಕೂಗುತ್ತದಂತೆ, ನಾವು ಹಾಗೆ ಕೂಗಿದರೆ ಅದು ಜಗಳಕ್ಕೆ ಬರುತ್ತದಂತೆ. ಸರ್ ಬಂಡೆಯ ಹಿಂದೆ ಮಂಡಿಯೂರಿ, ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಾಗುವವರೆಗೆ ಊದುತ್ತಿದ್ದರು. ಕಣಿವೆಯ ಆ ಕಡೆಯಿಂದ ಒಂದು ಕತ್ತೆ ಉತ್ತರ ಕೊಡುತ್ತಿತ್ತು. ಪ್ರತಿ ಸಲ, ಅದೇ ಕತ್ತೆ. ಒಮ್ಮೆ ಅದು ನಿಜಕ್ಕೂ ನೋಡಲು ಬಂದೇ ಬಿಟ್ಟಿತು. ಹಮೀದ್ ಮರಳಿನ ಚೀಲದ ಕೆಳಗಿನಿಂದ, ಸರ್, ಇದಕ್ಕೆ ಪರ್ಮಿಟ್ ಬೇಡ ಅಂತ ಕಾಣ್ತದೆ ಅಂದ. ಮುಂದಿನ ಸಲ ಹಮೀದನ ಚೀಲಕ್ಕೆ ಒಂದು ಬೊಗಸೆ ಮರಳು ಜಾಸ್ತಿ ಬಿತ್ತು. ಸರ್ ಸಿಟ್ಟನ್ನು ತೋರಿಸುತ್ತಿದ್ದುದು ಹಾಗೆ, ತೂಕದಲ್ಲಿ.

ಅತ್ತರು ಹಾಕಬಾರದು, ತಲೆಗೆ ತೆಂಗಿನೆಣ್ಣೆ ಹಚ್ಚಬಾರದು, ಬುತ್ತಿಗೆ ಒಣಮೀನು ತರಬಾರದು. ಎಲ್ಲ ವಾಸನೆಗೆ. ಅಮೆರಿಕದ ಪ್ರಾಣಿಗೆ ರುಸ್ತಾಕಿನ ಒಣಮೀನು ಹೇಗೆ ಮೂಗಿಗೆ ಬಡಿಯುತ್ತದೆ ಅಂತ ಹಮೀದ್ ನನ್ನನ್ನು ಕೇಳಿದ್ದ. ಅಭ್ಯಾಸ ಅಂದರೆ ಅಭ್ಯಾಸ ಅನ್ನುವುದು ಸರ್ ವಾದ. ಅವರ ಎಲ್ಲ ವಾದಗಳೂ ಹಾಗೆಯೇ ಇದ್ದವು, ಒಂದೇ ಪದವನ್ನು ಎರಡು ಸಲ ಹೇಳಿದರೆ ವಾದ ಮುಗಿಯಿತು.

ಒಂದು ಬೆಳಿಗ್ಗೆ ತೋಟದ ನೀರಿನ ಕಾಲುವೆಯ ಹತ್ತಿರ ಒಬ್ಬ ಒಮಾನಿ ಅಜ್ಜ ನಮ್ಮನ್ನು ನಿಲ್ಲಿಸಿದ. ಬಹಳ ಶುಕ್ರವಾರದಿಂದ ನೋಡುತ್ತಿದ್ದನಂತೆ. ಹಮೀದನ ಚೀಲವನ್ನು ಕೋಲಿನಿಂದ ಮುಟ್ಟಿ, ಇದರಲ್ಲಿ ಏನು ಅಂತ ಕೇಳಿದ. ಮರಳು ಅಂದ ಹಮೀದ್, ಅವನಿಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು. ಬೆಟ್ಟದ ಮೇಲೆ ಏನಾದರೂ ಕಟ್ಟುತ್ತೀರಾ ಅಂತ ಅಜ್ಜ ಕೇಳಿದ. ಇಲ್ಲ, ಅಮೆರಿಕದ ಒಂದು ಪ್ರಾಣಿಗೋಸ್ಕರ ಅಂದ. ಪ್ರಾಣಿ ಎಲ್ಲಿದೆ ಅಂದರೆ ಅಮೆರಿಕದಲ್ಲಿ. ಅಜ್ಜ ಸರ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಆಗ ಸರ್ ಪೌಡರ್ ಹಾರಿಸುತ್ತಾ ನಿಂತಿದ್ದರು. ಆಮೇಲೆ ಹಮೀದನಿಗೆ ಏನೋ ಮೆಲ್ಲಗೆ ಹೇಳಿ, ತನ್ನ ಥರ್ಮಾಸಿನಿಂದ ಅವನಿಗೂ ನನಗೂ ಕಹ್ವಾ, ಅಂದರೆ ಅವರ ಕಾಫಿ, ಬಗ್ಗಿಸಿಕೊಟ್ಟ. ಏನು ಹೇಳಿದ ಅಂತ ಸರ್ ಕೇಳಿದರು. ದೇವರು ಒಳ್ಳೇದು ಮಾಡಲಿ ಅಂದ ಅಂತ ಹಮೀದ್ ಉತ್ತರಿಸಿದ. ಅಜ್ಜ ಹೇಳಿದ್ದು, ನಿಮ್ಮ ಮುದೀರನನ್ನು ಡಾಕ್ಟರಿಗೆ ತೋರಿಸಲಿಕ್ಕೆ ಮನೆಯಲ್ಲಿ ಯಾರೂ ಇಲ್ಲವಾ ಅಂತ. ಮುದೀರ್ ಅಂದರೆ ಮ್ಯಾನೇಜರ್.

ನೆತ್ತಿ ತಲುಪಿದ ಮೇಲೆ ಬಿಸ್ಕತ್ತು ತಿನ್ನುತ್ತಾ ಸರ್ ಭಾಷಣ ಮಾಡುತ್ತಿದ್ದರು. ಭಾಷಣ ಪ್ರತಿ ಸಲ ಒಂದೇ. ಊರಿನ ಹಂದಿ ಬೇಟೆಯಲ್ಲಿ ಮಾಂಸ ಹಂಚುವ ಕ್ರಮ. ಇದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು, ಕೈ ಬಿಸ್ಕತ್ತಿನ ಪೊಟ್ಟಣದ ಮೇಲೆ ಮಾಂಸ ಕೊಯ್ಯುವ ಹಾಗೆ ಆಡುತ್ತಿತ್ತು.

"ನಮ್ಮಲ್ಲಿ ಹಂದಿ ಬಿದ್ರೆ ಗುಂಡು ಹೊಡ್ದವನಿಗೆ ತಲೆ. ನಾಯಿಗೆ ನಾಯಿಯ ಪಾಲು. ಉಳಿದದ್ದು ನಡೆದವರಿಗೆಲ್ಲ ಸಮ, ಸೊಪ್ಪು ಬಡಿದವನಿಗೂ ಅಷ್ಟೆ, ನೀರು ಹೊತ್ತವನಿಗೂ ಅಷ್ಟೆ. ಬಾಲ ಕೊಯ್ಯುವ ಮೊದ್ಲು ಓಡಿ ಬಂದು ಮುಟ್ಟಿದವನಿಗೂ ಉಂಟು. ನಡೆದವನ ಹೆಂಡ್ತಿ ಬಸುರಿ ಆದ್ರೆ ಹೊಟ್ಟೆಯ ಮಗುವಿಗೂ ಒಂದು ಪಾಲು. ಪಾಲು ತಪ್ಪಿಸಿದವನ ಕೋವಿ ಮತ್ತೆ ಹಾರುದಿಲ್ಲ."

ಹೇಳಿ ಮುಗಿಸಿ ಕೊನೆಯ ಬಿಸ್ಕತ್ತನ್ನು ತಾವೇ ತಿನ್ನುತ್ತಿದ್ದರು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ, ನೋಡಿದ್ದೇನೆ.

ಹೀಗೆ ಹೋದ ಶುಕ್ರವಾರಗಳೆಲ್ಲ ಸಲಾಲಾದ ಬಸ್ಸಿನಿಂದ ಕಿತ್ತುಕೊಂಡಂಥವು. ಹಮೀದನ ಮಗಳಿಗೆ ಅದು ಬಾಯಿಪಾಠವಾಗಿತ್ತು. ಒಂದು ಸಂಜೆ ಸ್ಟೋರಿನಲ್ಲಿ ನಾನು ಇದ್ದಾಗ ವಿಡಿಯೊ ಕಾಲ್ ಬಂತು. ಹುಡುಗಿ ಯೂನಿಫಾರ್ಮಿನಲ್ಲೇ ಇದ್ದಳು, ಹಲ್ಲು ಒಂದು ಬಿದ್ದಿತ್ತು. "ಉಪ್ಪ, ಈಸ್ ಇಟ್ ನಾರ್ಮಲ್ ಫ್ರೈಡೇ ಆರ್ ಎಲ್ಕ್ ಫ್ರೈಡೇ?" ಅಂದಳು. ಹಮೀದ್ ಎಲ್ಕ್ ಅಂದ. ಅವಳು ಓಕೆ ಅಂದು ಫೋನನ್ನು ತಾಯಿಗೆ ಕೊಟ್ಟು ಹೋದಳು. ಅತ್ತಿದ್ದರೆ ಚೆನ್ನಾಗಿತ್ತು ಮಾರಾಯ್ರೆ ಅಂದ ಹಮೀದ್ ಆಮೇಲೆ.

ಮೂರನೆಯ ವರ್ಷ ಸರ್ ಹೆಸರು ಬಂತು. ಮೇಲ್ ಬಂದ ದಿನ ಅವರು ಕ್ಯಾಬಿನ್ನಿನಿಂದ ಹೊರಬಂದು ಎಲ್ಲರ ಎದುರು ಆ ಪೈಪು ಊದಿದರು. ಅಕೌಂಟೆಂಟ್ ಹುಡುಗಿ ಬೆಂಕಿಯ ಅಲಾರಂ ಅಂದುಕೊಂಡು ಬ್ಯಾಗ್ ಎತ್ತಿಕೊಂಡಿದ್ದಳು.

ಅವತ್ತೇ ನನ್ನನ್ನು ಕರೆದು, ಬೇಟೆಗೆ ಪ್ಲಾನ್ ಮಾಡು ಅಂದರು. ನಾವು ಪೈಪ್‌ಲೈನಿಗೆ ಮಾಡುವ ಹಾಗೆ, ಅದೇ ಸಾಫ್ಟ್‌ವೇರಿನಲ್ಲಿ. ಮಾಡಿದೆ, ಮಾಡದೆ ಏನು. ವಿಮಾನ, ಮುದುಕನ ಮನೆಯಿಂದ ಬಂದೂಕು, ಟೆಂಟ್, ಎರಡು ದಿನ ಸುಮ್ಮನೆ ಬೆಟ್ಟ ನೋಡುವುದು, ಆಮೇಲೆ ಬೇಟೆ. ‘ಗುಂಡು ಹಾರಿಸುವುದು’ ಎಂಬ ಕೆಲಸಕ್ಕೆ ಅವಧಿ ಸೊನ್ನೆ. ಅದರ ನಂತರವೇ ಉದ್ದ ಉದ್ದ ಗೆರೆಗಳು. ಚರ್ಮ ಸುಲಿಯುವುದು, ಕೊಯ್ಯುವುದು, ಕರಡಿಗೆ ಸಿಗದಂತೆ ಮರಕ್ಕೆ ಕಟ್ಟುವುದು, ಒಂದೊಂದೇ ಮೂಟೆ ಇಳಿಸುವುದು. ರುಸ್ತಾಕಿನಲ್ಲಿ ನಾನು ಬರೆದಿಟ್ಟ ಹೊತ್ತಿನ ಲೆಕ್ಕದಲ್ಲೇ ಹಾಕಿದೆ. ಒಬ್ಬನಿಗೆ ದಿನಕ್ಕೆ ಎರಡು ಮೂಟೆಗಿಂತ ಹೆಚ್ಚು ಸಾಧ್ಯವಿಲ್ಲ, ಕೊಂಬಿರುವ ತಲೆಗೇ ಒಂದು ದಿನ. ಇಬ್ಬರಾದರೆ ಎರಡು ದಿನ, ಒಬ್ಬನೇ ಆದರೆ ನಾಲ್ಕು. ಶುಕ್ರವಾರ ಮಧ್ಯಾಹ್ನಕ್ಕೆ ಹಮೀದನ ಜುಮ್ಮಾ ನಮಾಜನ್ನೂ ಸೇರಿಸಿದ್ದೆ. ಇದು ಸ್ವಲ್ಪ ಆಚೀಚೆ ಆಗ್ತದಾ ಅಂತ ಸರ್ ಕೇಳಿದರು. ಆಗಲ್ಲ ಸರ್ ಅಂದೆ.

ಒಬ್ಬ ಮನುಷ್ಯನಿಗೆ ಅವನ ಶಕ್ತಿಗೆ ಮೀರಿದ ಕೆಲಸ ಹಚ್ಚಿದರೆ ಆ ಸಾಫ್ಟ್‌ವೇರ್ ಅವನ ಹೆಸರನ್ನು ಕೆಂಪು ಮಾಡುತ್ತದೆ. ಇಳಿಸುವ ಎಲ್ಲ ಮೂಟೆಗಳಿಗೂ ಸರ್ ಹಮೀದನ ಹೆಸರನ್ನೇ ಹಾಕಿಸಿದರು, ಪರದೆಯ ಮೇಲೆ ಹಮೀದ್ ಕೆಂಪಗೆ ಉರಿಯುತ್ತಿದ್ದ. ಅದನ್ನು ಬೆರಳಲ್ಲಿ ತೋರಿಸಿ, ಇದೆಂತ, ಕೆಂಪು ತೆಗಿ ಅಂದರು. ತೆಗೆಯಬೇಕಾದರೆ ಇನ್ನೊಬ್ಬರು ಬೇಕು, ನೀವೂ ಹೊರಬೇಕು ಅಂದೆ.

"ಅವನ ದಿವಸ ಉದ್ದ ಮಾಡು" ಅಂದರು. "ಬೆಳಿಗ್ಗೆ ನಾಲ್ಕಕ್ಕೆ ಶುರು ಮಾಡಿಸು. ಕೆಂಪು ಹೋಗ್ತದೆ."

ಹೋಯಿತು. ಸಾಫ್ಟ್‌ವೇರಿಗೆ ಏನು ಗೊತ್ತು.

ಇನ್ನು ವೀಸಾ. ಹಮೀದನಿಗೆ ಸರ್ ಒಂದು ವಾರ ಪಾಠ ಮಾಡಿದರು. ಎಂಬಸಿಯಲ್ಲಿ ಯಾಕೆ ಹೋಗುತ್ತೀ ಅಂತ ಕೇಳಿದರೆ ಪ್ರವಾಸ, ಬೆಟ್ಟ ನೋಡಲು ಅನ್ನಬೇಕು, ಬೇರೆ ಏನೂ ಹೇಳಬಾರದು. ಹಮೀದ್ ಇಸ್ತ್ರಿ ಮಾಡಿದ ಶರ್ಟು ಹಾಕಿ, ಬಹಳ ದಿನದ ನಂತರ ಅತ್ತರನ್ನೂ ಹಾಕಿ ಹೋದ. ಒಂದು ಗಂಟೆಯೊಳಗೆ ವಾಪಸ್ ಬಂದ. ನೇರ ನನ್ನ ಮೇಜಿನ ಹತ್ತಿರ ಬಂದು ಕೂತ.

ಗಾಜಿನ ಆಚೆ ಇದ್ದ ಹೆಂಗಸು ನಗುನಗುತ್ತಾ, ಹೋಗುವ ಕಾರಣ ಏನು ಅಂತ ಕೇಳಿದಳಂತೆ. ಮಾಂಸ ಹೊರಲಿಕ್ಕೆ ಅಂದನಂತೆ ಹಮೀದ್. ಯಾರ ಮಾಂಸ ಅಂದಳಂತೆ. ಮ್ಯಾನೇಜರ್ ಅವರದ್ದು ಅಂದನಂತೆ. ಅವಳ ನಗು ನಿಂತಿತಂತೆ. ಆಮೇಲೆ ಅವನು ಎಲ್ಕಿನ ವಿಷಯ ಬಿಡಿಸಿ ಹೇಳಿದ, ಮೂಟೆಯ ವಿಷಯ ಹೇಳಿದ, ಬೆಳಿಗ್ಗೆ ನಾಲ್ಕಕ್ಕೆ ಶುರು ಅನ್ನುವುದನ್ನೂ ಹೇಳಿದ. ಇದು ಬಾಸ್ ಹೇಳಿದ ಕೆಲಸವಾ ಅಂತ ಅವಳು ಕೇಳಿದಳು. ಹೌದು, ಮಾಡಿದರೆ ಸಲಾಲಾಕ್ಕೆ ವರ್ಗ ಆಗುತ್ತದೆ ಅಂದ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿಲ್ಲ ಅಂತ ಪಾಸ್‌ಪೋರ್ಟ್ ವಾಪಸ್ ತಳ್ಳಿದಳು.

ಪ್ರವಾಸ ಅಂತ ಯಾಕಯ್ಯಾ ಹೇಳಲಿಲ್ಲ ಅಂತ ಕೇಳಿದೆ.

"ಮೂರು ವರ್ಷ ಹೊತ್ತಿದ್ದೇನೆ ಮಾರಾಯ್ರೆ" ಅಂದ. "ಪ್ರವಾಸ ಅಂತ ಬಾಯಿಗೇ ಬರ್ಲಿಲ್ಲ."

ಸರ್ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಅವನಿಗೆ ಬೈದರು. ಬಾಗಿಲು ಹಾಕದಿದ್ದರೂ ಆಗುತ್ತಿತ್ತು, ಅಷ್ಟು ಕೇಳಿಸಿತು. ಬೇಕೆಂದೇ ಮಾಡಿದ್ದು, ಬುದ್ಧಿ ತೋರಿಸಿದ್ದು, ತಿಂದ ಮನೆಗೆ ದ್ರೋಹ. ಯಾರ ಮನೆಯಲ್ಲಿ ಯಾರು ತಿಂದದ್ದು ಅಂತ ನನಗೆ ಅರ್ಥವಾಗಲಿಲ್ಲ, ಬಿಸ್ಕತ್ತನ್ನೂ ಅವರೇ ತಿನ್ನುತ್ತಿದ್ದರು. ಹಮೀದ್ ಹೊರಗೆ ಬರುವಾಗ ಸಲಾಲಾದ ಅರ್ಜಿ ಏನಾಯಿತು ಅಂತ ಕಣ್ಣಲ್ಲೇ ಕೇಳಿದೆ. ತಲೆ ಅಲ್ಲಾಡಿಸಿದ.

ಸರ್ ಒಬ್ಬರೇ ಹೋದರು. ವಾಪಸ್ ಬಂದ ಮೇಲೆ ಮೀಟಿಂಗ್ ರೂಮಿನಲ್ಲಿ ಎಲ್ಲರನ್ನೂ ಕೂರಿಸಿ, ಸಮೋಸ ತರಿಸಿ, ದೊಡ್ಡ ಪರದೆಯ ಮೇಲೆ ಫೋಟೊ ತೋರಿಸಿದರು. ಹಳದಿ ಎಲೆಯ ಮರಗಳು, ತೆಳ್ಳಗೆ ಹಿಮ, ನೆಲದ ಮೇಲೆ ಆ ಪ್ರಾಣಿ, ಅದರ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತಳೆ ಟೋಪಿಯ ಸರ್. ಪ್ರಾಣಿ ನಿಜಕ್ಕೂ ಚಂದ ಇತ್ತು. ಕಣ್ಣು ಅರೆ ತೆರೆದಿತ್ತು. ಅಂಥದ್ದನ್ನು ಹೊಡೆಯಲು ಮನಸ್ಸು ಹೇಗೆ ಬರುತ್ತದೆ ಅನ್ನುವುದು ನನ್ನ ಪುಳಿಚಾರು ಬುದ್ಧಿ, ಅದನ್ನು ಬಿಡಿ.

ಮುಂದಿನ ಫೋಟೊ ಮುದುಕನ ಮನೆಯ ಅಂಗಳದ್ದು. ಜೀಪಿನ ಬಾನೆಟ್ಟಿನ ಮೇಲೆ ಎಲ್ಕಿನ ತಲೆ, ಪಕ್ಕದಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿದ ಸರ್. ನನ್ನ ಕಣ್ಣು ಫೋಟೊದ ಮೂಲೆಯ ತಾರೀಖಿಗೆ ಹೋಯಿತು, ಅದು ಕಸುಬಿನ ಚಟ. ಗುಂಡು ಹಾರಿಸಿದ ಮರುದಿನವೇ. ಪ್ಲಾನ್ ಮಾಡಿದವನು ನಾನು. ಒಬ್ಬನೇ ಆದರೆ ನಾಲ್ಕು ದಿನ. ತಲೆ ಒಂದನ್ನೇ ಕೊಂಬಿನ ಸಮೇತ ಹೊತ್ತು ಇಳಿಯಲು ಒಂದು ದಿನ ಸರಿಯಾಗಿ ಬೇಕು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರ ಸಮೋಸ ಹಿಡಿದು ನಿಂತಿದ್ದ ಹಮೀದ್ ಕೇಳಿದ. ಆ ತೂಕಗಳು ಅವನ ಬೆನ್ನಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದವು.

"ಮಾಂಸ ಎಂತ ಮಾಡಿದ್ರಿ ಸರ್?"

ಅಲ್ಲಿನ ಜನರಿಗೆ ಕೊಟ್ಟೆ ಅಂದರು ಸರ್.

"ಬೆಟ್ಟದ ಮೇಲೆ ಯಾವ ಜನ ಸರ್?"

ಸರ್ ಮುಂದಿನ ಫೋಟೊಕ್ಕೆ ಹೋದರು. ಅದೂ ತಲೆಯದ್ದೇ. ಅದರ ಮುಂದಿನದೂ ತಲೆಯದ್ದೇ. ರೂಮಿನಲ್ಲಿ ಯಾರೂ ಜಗಿಯುತ್ತಿರಲಿಲ್ಲ. ಮಾಂಸ ಬಿಟ್ಟು ಬಂದರೆ ಅಪರಾಧ ಅಂತ ಎಲ್ಲರಿಗೂ ಅವರೇ ಹೇಳಿಟ್ಟಿದ್ದರಲ್ಲ. ಗುಂಡು ಹೊಡೆದವನಿಗೆ ತಲೆ. ತಮ್ಮ ಪಾಲನ್ನು ಅವರು ಸರಿಯಾಗಿ ತಂದುಕೊಂಡಿದ್ದರು. ಉಳಿದವರ ಪಾಲು ಬೆಟ್ಟದಲ್ಲಿ ಕೊಳೆಯುತ್ತಿತ್ತು.

"ಹಾಗಾದ್ರೆ ನಮ್ಮ ಪಾಲು, ಸರ್?" ಅಂದ ಹಮೀದ್. ದನಿ ಎತ್ತಲಿಲ್ಲ. ಸಮೋಸದ ತಟ್ಟೆಯನ್ನು ಮೇಜಿನ ಮೇಲಿಟ್ಟು, ಗೋಡೆಯ ಪರದೆಯನ್ನಲ್ಲ, ಸರ್ ಅವರ ಲ್ಯಾಪ್‌ಟಾಪನ್ನು ತೋರಿಸಿದ.

ಸರ್ ಅಲ್ಲೇ, ಎಲ್ಲರ ಎದುರು, ಎಲ್ಕಿನ ಫೋಟೊ ಮುಚ್ಚಿ ಆ ಅರ್ಜಿ ತೆರೆದು ಹಸಿರು ಬಟನ್ ಒತ್ತಿದರು. ದೊಡ್ಡ ಪರದೆಯ ಮೇಲೆ ನಾವೆಲ್ಲ ನೋಡಿದೆವು. ನಾಚಿಕೆಯಿಂದ ಒತ್ತಿದರು ಅಂತ ನೀವು ಅಂದುಕೊಂಡರೆ ನಿಮಗೆ ಅವರು ಗೊತ್ತಿಲ್ಲ. ಒತ್ತಿ, ಒಂದು ಸಮೋಸ ಎತ್ತಿಕೊಂಡು, "ಹೋಗು. ಇನ್ನು ನಿನ್ನ ಹತ್ರ ಹೊರಿಸ್ಲಿಕ್ಕೆ ಎಂತ ಉಂಟು?" ಅಂದರು. ಹಮೀದ್ ಆ ವಾರವೇ ಬಸ್ ಹತ್ತಿದ.

ಆ ತಲೆ ಆಮೇಲೆ ಯಾವಾಗಲೋ ಕಾರ್ಗೋದಲ್ಲಿ ಬಂತು. ಅಲ್ ಅಜೈಬಾದ ಅವರ ಫ್ಲಾಟಿನ ಹಾಲಿನಲ್ಲಿ, ಟೀವಿಯ ಮೇಲೆ, ಗಾಜಿನ ಕಣ್ಣು ಇಟ್ಟುಕೊಂಡು ಕೂತಿತ್ತು. ನಾನು ಬೇರೆ ಕಂಪನಿಗೆ ಹೋದೆ. ಮುಗಿಯಿತು ಅಂದುಕೊಂಡಿದ್ದೆ.

ಈಗ ವಿಡಿಯೊದ ವಿಷಯ. ಎಷ್ಟು ಹುಡುಕಿದರೂ ಅವರ ಬಗ್ಗೆ ನನ್ನ ಹತ್ತಿರ ಒಳ್ಳೆಯ ಮಾತು ಇರಲಿಲ್ಲ. ಆದರೆ ಅವರು ಆಡಿದ ಒಂದು ಒಳ್ಳೆಯ ಮಾತು ಇತ್ತು. ಕ್ಯಾಮೆರಾ ನೋಡಿ, ಸರ್ ನಮಗೆ ಬೆಟ್ಟದ ಮೇಲೆ ಕಲಿಸಿದ್ದು ಇದು ಅಂತ ಹೇಳಿ, ಆ ಪಾಲಿನ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ತಲೆ, ನಾಯಿ, ನೀರು ಹೊತ್ತವನು, ಬಸುರಿಯ ಹೊಟ್ಟೆಯ ಮಗು, ಹಾರದ ಕೋವಿ, ಎಲ್ಲ. ಸರಿಯಾಗಿ ಒಂದು ನಿಮಿಷಕ್ಕೆ ಕೂತಿತು. ಉಗಿದಂತೆ ಆಗುತ್ತದೆ, ಅರ್ಥ ಆಗಬೇಕಾದವರಿಗೆ ಆಗುತ್ತದೆ ಅಂದುಕೊಂಡೆ.

ಬೀಳ್ಕೊಡುಗೆಯ ಮರುದಿನ ಅವರದ್ದೇ ಫೋನ್ ಬಂತು. ಎಲ್ಲರೂ ಗ್ರೇಟ್ ಬಾಸ್, ಗ್ರೇಟ್ ಬಾಸ್ ಅಂತ ಗಿಣಿಯ ಹಾಗೆ ಹೇಳಿದ್ದಾರಂತೆ, ನಾನೊಬ್ಬನೇ ಅವರ ಮನಸ್ಸು ತಿಳಿದವನಂತೆ. ಹೆಂಡತಿಯ ಎದುರು ಅತ್ತುಬಿಟ್ಟರಂತೆ. ಮೂಗು ಒರೆಸಿಕೊಂಡು ಮುಂದುವರಿಸಿದರು.

"ಕೊಂಬು ಲಿಫ್ಟಿನಲ್ಲಿ ಹಿಡಿಯುದಿಲ್ಲ ಮಾರಾಯ, ಮೆಟ್ಲಲ್ಲೇ ಇಳಿಸ್ಬೇಕು. ಶುಕ್ರವಾರ ಬೆಳಿಗ್ಗೆ ಬಾ. ಹಮೀದನಿಗೂ ಹೇಳು, ಸಲಾಲಾದಿಂದ ರಾತ್ರಿ ಬಸ್ ಉಂಟಲ್ಲ."

ನನಗೆ ಬೆನ್ನು ನೋವು ಅಂದೆ. ಹಮೀದನಿಗೆ ಹೇಳುತ್ತೇನೆ ಅಂದೆ. ಹೇಳಿದೆ ಕೂಡ. ಸಲಾಲಾದಲ್ಲಿ ಜಿನುಗು ಮಳೆ, ಅವನು ಎಲ್ಲೋ ಎಳನೀರಿನ ಅಂಗಡಿಯಲ್ಲಿ ಹೆಂಡತಿ ಮಗಳ ಜೊತೆ ನಿಂತಿದ್ದ, ಹಿಂದಿನಿಂದ ಕತ್ತಿಯ ಸದ್ದು ಕೇಳುತ್ತಿತ್ತು. ಪೂರ್ತಿ ಕೇಳಿಸಿಕೊಂಡು ಬಹಳ ಹೊತ್ತು ನಕ್ಕ. ಮಗಳು, ವಾಟ್ ಹ್ಯಾಪಂಡ್ ಉಪ್ಪ ಅಂದಳು.

"ತಲೆ ಅವ್ರದ್ದೇ ಪಾಲಲ್ವಾ ಮಾರಾಯ್ರೆ" ಅಂದ ಹಮೀದ್. "ಅವ್ರೇ ಹೊರ್ಲಿ."